ಅಂಕಿಯ ಹಿಂದೆ ಕೂತವರು

ಮಕ್ಕಳ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ತೊಂದರೆ) ಕುರಿತ ಸಂಶೋಧನಾ ಲೇಖನಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ: ತರಬೇತಿ ಪಡೆದ ಇಬ್ಬರು ವಿಡಿಯೊಗಳನ್ನು ಬೇರೆಬೇರೆಯಾಗಿ ನೋಡಿ ಗುರುತು ಹಾಕಿದರು, ಇಬ್ಬರ ಗುರುತುಗಳೂ ಸಾಕಷ್ಟು ತಾಳೆಯಾದವು. ಅಷ್ಟೇ. ಓದುವವರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ, ನೇರ ಕೋಷ್ಟಕಕ್ಕೆ ಜಿಗಿಯುತ್ತದೆ. ಆದರೆ ಇಂಥ ಅಧ್ಯಯನ ನಡೆಯುವ ಕ್ಲಿನಿಕ್ಕಿನ ಒಳಗು ಗೊತ್ತಿದ್ದವರಿಗೆ ಆ ಸಾಲು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಯಾರು ಆ ಇಬ್ಬರು? ಎಷ್ಟು ತಿಂಗಳು ಕೂತರು? ಎಷ್ಟು ಸಲ ಜಗಳವಾಡಿದರು? ಲೇಖನದ ತಲೆಯಲ್ಲಿ ಪ್ರೊಫೆಸರರ ಹೆಸರಿರುತ್ತದೆ, ಪಿಎಚ್‌ಡಿ ವಿದ್ಯಾರ್ಥಿಗಳ ಹೆಸರಿರುತ್ತದೆ. ಫೋನ್ ಹಿಡಿದು ಕೂತವರು, ಮಗುವಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತವರು, ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡವರು ಹೆಚ್ಚೆಂದರೆ ಕೊನೆಯ ಪುಟದ ಕೃತಜ್ಞತೆಯಲ್ಲಿ ಒಟ್ಟಾಗಿ ಸೇರಿಹೋಗುತ್ತಾರೆ.

ಇದನ್ನು ಹೇಳುತ್ತಿರುವುದು ಅವರಿಗೆ ಅನ್ಯಾಯವಾಯಿತೆಂಬ ದೂರಿಗಲ್ಲ. ಎಡಿಎಚ್‌ಡಿಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ. ಇರುವುದೆಲ್ಲ ಒಬ್ಬರು ಇನ್ನೊಬ್ಬರನ್ನು ನೋಡಿ ಹೇಳಿದ ಮಾತು, ಇಲ್ಲವೇ ಒಬ್ಬರ ಎದುರಿಗೆ ಮಗು ಮಾಡಿ ತೋರಿಸಿದ ಕೆಲಸ. ಆ ಮಾತಿಗೆ ಅಂಕಿಯ ರೂಪ ಕೊಡುವವರು ಇವರು. ಅವರ ಕೈ ಸ್ವಲ್ಪ ಅಲ್ಲಾಡಿದರೆ ಅಂಕಿಯೂ ಅಲ್ಲಾಡುತ್ತದೆ.

ಮೊದಲಿನಿಂದಲೂ ಹೀಗೇ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಮಕ್ಕಳ ವಸತಿ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧಿ ಕೊಟ್ಟ ಪ್ರಸಂಗವನ್ನು ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಸುಮಾರು ಅರ್ಧದಷ್ಟು ಮಕ್ಕಳು ಶಾಲೆಯ ಕೆಲಸದಲ್ಲಿ ಬೆರಗಾಗುವಷ್ಟು ಸುಧಾರಿಸಿದರು ಅನ್ನುವುದು ಅದರ ಸಾರ. ಸುಧಾರಿಸಿದ್ದು ಗೊತ್ತಾದದ್ದಾದರೂ ಹೇಗೆ? ಆ ಮಕ್ಕಳು ಅಲ್ಲೇ ಇದ್ದು ಅಲ್ಲೇ ಓದುತ್ತಿದ್ದರು. ಅವರೊಂದಿಗೆ ದಿನವಿಡೀ ಇರುತ್ತಿದ್ದವರ ಕಣ್ಣಿಗೆ ಬಿತ್ತು, ಹಾಗಾಗಿ ಗೊತ್ತಾಯಿತು.

ಫೋನಿನ ಈ ತುದಿ

ಕ್ಲಿನಿಕ್ಕಿನಲ್ಲಿ ಮಗುವಿನ ಬಗ್ಗೆ ಮೊದಲು ಕೇಳುವ ವ್ಯಕ್ತಿ ಸಂಯೋಜಕಿ. ಮುಕ್ಕಾಲು ಗಂಟೆಯ ಫೋನ್ ಕರೆ. ವಯಸ್ಸು, ತರಗತಿ, ಯಾವ ಔಷಧಿ, ಫಿಟ್ಸ್ ಬಂದಿದೆಯೇ, ಕಿವಿ ಸೋರುತ್ತಿತ್ತೇ, ರಾತ್ರಿ ಗೊರಕೆ ಹೊಡೆಯುತ್ತದೆಯೇ. ಗೊರಕೆಯ ಪ್ರಶ್ನೆ ಕೇಳಿ ತಂದೆತಾಯಿ ಅಚ್ಚರಿಪಡುತ್ತಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ ಮಗು ಹಗಲಲ್ಲಿ ದೊಡ್ಡವರಂತೆ ತೂಕಡಿಸುವುದು ಕಡಿಮೆ. ಕೂತಲ್ಲಿ ಕೂರದೆ ಕಿರಿಕಿರಿ ಮಾಡುವುದೇ ಹೆಚ್ಚು. ಕಿವಿ ಸರಿಯಾಗಿ ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ. ಕೆಲವು ಸೆಕೆಂಡು ಶೂನ್ಯಕ್ಕೆ ದಿಟ್ಟಿಸಿ ಮತ್ತೆ ಏನೂ ಆಗದಂತೆ ಮಾತು ಮುಂದುವರಿಸುವ ಮಗುವಿನದ್ದು ಗಮನದ ಕೊರತೆಯಾಗಿರದೆ ಒಂದು ಬಗೆಯ ಮೂರ್ಛೆ ಇದ್ದೀತು. ಈ ಜರಡಿ ಸಡಿಲವಾದರೆ ಮುಂದಿನ ಲೆಕ್ಕಾಚಾರ ಎಷ್ಟೇ ಚೆಂದವಾಗಿದ್ದರೂ ಎಡಿಎಚ್‌ಡಿ ಗುಂಪಿನಲ್ಲಿ ಎಡಿಎಚ್‌ಡಿ ಅಲ್ಲದ ಮಕ್ಕಳು ಸೇರಿಕೊಂಡಿರುತ್ತಾರೆ.

ಹುಟ್ಟಿದ ದಿನಾಂಕದ ಪಕ್ಕದಲ್ಲಿ ಜಾಣ ಸಂಯೋಜಕಿ ಇನ್ನೊಂದು ಟಿಪ್ಪಣಿ ಬರೆದುಕೊಳ್ಳುತ್ತಾಳೆ: ತರಗತಿಯಲ್ಲಿ ಮಗು ಹಿರಿಯದೋ ಕಿರಿಯದೋ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಾಲಾ ಪ್ರವೇಶದ ಗಡಿ ಡಿಸೆಂಬರ್ 31. ಅಲ್ಲಿನ ಒಂಬತ್ತು ಲಕ್ಷಕ್ಕೂ ಮಿಕ್ಕ ಮಕ್ಕಳ ದಾಖಲೆ ನೋಡಿ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಜನವರಿಯಲ್ಲಿ ಹುಟ್ಟಿದವರಿಗಿಂತ ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಿಗೆ ಎಡಿಎಚ್‌ಡಿ ಎಂಬ ಹಣೆಪಟ್ಟಿ ಬೀಳುವ ಸಂಭವ ಶೇ. 30ರಷ್ಟು ಹೆಚ್ಚು, ಹುಡುಗಿಯರಿಗೆ ಶೇ. 70ರಷ್ಟು ಹೆಚ್ಚು. ಹನ್ನೊಂದು ತಿಂಗಳು ಚಿಕ್ಕದಾದ ಮಗು ಹನ್ನೊಂದು ತಿಂಗಳು ಚಿಕ್ಕ ಮಗುವಿನಂತೆಯೇ ಇರುತ್ತದೆ. ಪಕ್ಕದ ಬೆಂಚಿನ ಹಿರಿಯ ಮಗುವಿನ ಜೊತೆ ಹೋಲಿಸಿ ನೋಡಿದಾಗ ಅದೇ ಕಾಯಿಲೆಯಂತೆ ಕಾಣುತ್ತದೆ.

ಆಮೇಲೆ ತಂದೆತಾಯಿ, ಟೀಚರ್ ತುಂಬುವ ಫಾರಂಗಳ ಕಥೆ. ಡಿಎಸ್‌ಎಂ-5 ಎಂಬ ಮನೋರೋಗನಿರ್ಣಯದ ಕೈಪಿಡಿಯಲ್ಲಿ (2013) ಲಕ್ಷಣಗಳು 18: ಗಮನಕ್ಕೆ ಸೇರಿದವು ಒಂಬತ್ತು, ಚಡಪಡಿಕೆ-ಆತುರಕ್ಕೆ ಸೇರಿದವು ಒಂಬತ್ತು. ಮಕ್ಕಳಲ್ಲಿ ಯಾವುದಾದರೂ ಒಂದು ಪಟ್ಟಿಯಲ್ಲಿ ಆರು ಇರಬೇಕು, ಆರು ತಿಂಗಳಿನಿಂದ ಇರಬೇಕು, 12 ವರ್ಷಕ್ಕೆ ಮೊದಲೇ ಕೆಲವಾದರೂ ಕಾಣಿಸಿಕೊಂಡಿರಬೇಕು, ಮನೆ-ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು, ಬದುಕಿಗೆ ತೊಂದರೆ ಆಗುತ್ತಿರಬೇಕು. ಇವಿಷ್ಟು ಎಲ್ಲರಿಗೂ ಬಾಯಿಪಾಠ. ಆದರೆ ಆ ಹದಿನೆಂಟೂ ಲಕ್ಷಣಗಳಲ್ಲಿ ಒಂದೇ ಪದ ಬರುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ: 'ಆಗಾಗ'. ಆಗಾಗ ವಸ್ತು ಕಳೆದುಕೊಳ್ಳುತ್ತಾನೆ, ಆಗಾಗ ಸರದಿ ಕಾಯುವುದಿಲ್ಲ. ವ್ಯಾಂಡರ್‌ಬಿಲ್ಟ್ ಪ್ರಶ್ನಾವಳಿಯಲ್ಲಿ ಪ್ರತಿ ಸಾಲಿಗೂ ನಾಲ್ಕು ಉತ್ತರ: ಇಲ್ಲವೇ ಇಲ್ಲ 0, ಒಮ್ಮೊಮ್ಮೆ 1, ಆಗಾಗ 2, ಯಾವಾಗಲೂ ಅನ್ನುವಷ್ಟು 3. ಎರಡು ಅಥವಾ ಮೂರು ಬಿದ್ದರೆ ಮಾತ್ರ ಆ ಲಕ್ಷಣ 'ಇದೆ' ಎಂದು ಲೆಕ್ಕ. ಅಂದರೆ ಇಡೀ ರೋಗನಿರ್ಣಯ 'ಒಮ್ಮೊಮ್ಮೆ'ಗೂ 'ಆಗಾಗ'ಕ್ಕೂ ನಡುವಿನ ಕೂದಲೆಳೆಯ ಮೇಲೆ ನಿಂತಿದೆ. ದಿನಕ್ಕೆರಡು ಸಲ ಆದರೆ ಆಗಾಗವೇ? ವಾರಕ್ಕೆ ನಾಲ್ಕು? ಫಾರಂ ಹೇಳುವುದಿಲ್ಲ. ಟೀಚರ್ ತನ್ನ ತರಗತಿಯ ಇತರ ಮಕ್ಕಳ ಜೊತೆ ಹೋಲಿಸಿ ಗುರುತು ಹಾಕುತ್ತಾರೆ. ತಾಯಿ ದೊಡ್ಡ ಮಗಳ ಜೊತೆ ಹೋಲಿಸುತ್ತಾಳೆ. ತಂದೆ ತನ್ನ ಬಾಲ್ಯದ ಜೊತೆ ಹೋಲಿಸಿ 'ನಾನೂ ಹೀಗೇ ಇದ್ದೆ' ಅಂದು ಎಲ್ಲಕ್ಕೂ ಸೊನ್ನೆ ಸುತ್ತಿ ಬಿಡುತ್ತಾನೆ.

ಟೀಚರ್ ತುಂಬಿದ ಫಾರಂ ವಾಪಸು ಬರಿಸುವುದೇ ಒಂದು ಹೋರಾಟ. ಶಾಲೆ ಶುರುವಾದ ಮೊದಲ ತಿಂಗಳಲ್ಲಿ ಕಳಿಸಿದರೆ ಟೀಚರಿಗೆ ಮಗುವಿನ ಹೆಸರೇ ಸರಿಯಾಗಿ ಬಾಯಿಗೆ ಬಂದಿರುವುದಿಲ್ಲ, ಎಲ್ಲ ಸಾಲಿಗೂ 'ಒಮ್ಮೊಮ್ಮೆ' ಎಂದು ನೇರ ಗೆರೆ ಎಳೆದು ಕಳಿಸುತ್ತಾರೆ. ಪರೀಕ್ಷೆಯ ಹೊತ್ತಿನಲ್ಲಿ ಕಳಿಸಿದರೆ ಬರುವುದೇ ಇಲ್ಲ. ಕನಿಷ್ಠ ಒಂದೆರಡು ತಿಂಗಳು ಪಾಠ ಮಾಡಿದ ಟೀಚರೇ ಆಗಬೇಕು, ಸಾಧ್ಯವಾದರೆ ಇಬ್ಬರು. ಇನ್ನೊಂದು ಜಾರುವ ಜಾಗ: ಮಗು ಶಾಲೆಗೆ ಔಷಧಿ ತೆಗೆದುಕೊಂಡೇ ಹೋಗುತ್ತಿದ್ದರೆ ಟೀಚರ್ ನೋಡಿರುವುದು ಔಷಧಿಯ ಮೇಲಿರುವ ಮಗುವನ್ನು, ಬೆಳಿಗ್ಗೆ ಎಬ್ಬಿಸುವ, ಸಂಜೆ ಹೋಂವರ್ಕ್ ಮಾಡಿಸುವ ತಾಯಿ ನೋಡಿರುವುದು ಔಷಧಿ ಇಳಿದ ಮಗುವನ್ನು. 'ಈ ಉತ್ತರಗಳು ಔಷಧಿ ಇದ್ದಾಗಿನವೋ ಇಲ್ಲದಾಗಿನವೋ' ಎಂಬ ಪೆಟ್ಟಿಗೆಯಲ್ಲಿ ಗುರುತು ಬೀಳದಿದ್ದರೆ ಇಬ್ಬರೂ ಪರಸ್ಪರ ಸುಳ್ಳು ಹೇಳುತ್ತಿರುವಂತೆ ಕಾಣುತ್ತದೆ.

ಇನ್ನೂ ಒಂದಿದೆ. ಎದುರು ಮಾತಾಡುವ, ಹಟ ಮಾಡುವ ಮಗುವಿಗೆ ಟೀಚರ್‌ಗಳು ಚಡಪಡಿಕೆಯ ಸಾಲುಗಳಲ್ಲೂ ಹೆಚ್ಚು ಅಂಕ ಕೊಡುತ್ತಾರೆ, ಅದು ಅಷ್ಟೇನೂ ಚಡಪಡಿಸದಿದ್ದರೂ. ಬಾಲನಟರು ಅಭಿನಯಿಸಿದ ವಿಡಿಯೊಗಳನ್ನು ಟೀಚರ್‌ಗಳಿಗೆ ತೋರಿಸಿ ನಡೆಸಿದ ಪ್ರಯೋಗಗಳಲ್ಲೂ ಇದು ಕಂಡಿದೆ. ಇದಕ್ಕೆ ತದ್ವಿರುದ್ಧವಾಗಿ, ಕಿಟಕಿಯಾಚೆ ನೋಡುತ್ತ ಯಾರಿಗೂ ತೊಂದರೆ ಕೊಡದೆ ಕೂತ ಹುಡುಗಿಯ ಫಾರಂ ಸೊನ್ನೆಗಳಿಂದ ತುಂಬಿರುತ್ತದೆ.

ಹಾಗಾಗಿ ಫಾರಂ ಒಂದೇ ಸಾಲದು, ಕೂತು ಮಾತಾಡಬೇಕು. ತಂದೆತಾಯಿಯ ಸಂದರ್ಶನ ಎರಡು-ಮೂರು ಗಂಟೆ ಎಳೆಯುತ್ತದೆ. ಪಳಗಿದ ಸಂದರ್ಶಕಿ 'ಆಗಾಗ ಮರೆಯುತ್ತಾನಾ?' ಎಂದು ಕೇಳಿ ಹೌದು-ಅಲ್ಲ ಬರೆದುಕೊಳ್ಳುವುದಿಲ್ಲ. 'ಕಳೆದ ವಾರ ಏನು ಮರೆತ, ಹೇಳಿ' ಅನ್ನುತ್ತಾಳೆ. 'ಅಯ್ಯೋ ಮೇಡಂ, ಒಂದಾ ಎರಡಾ' ಅನ್ನುತ್ತಾರೆ. 'ಒಂದು ಹೇಳಿ ಸಾಕು' ಅನ್ನುತ್ತಾಳೆ. ಆಗ ತಾಯಿ ತಡವರಿಸಿದರೆ ಅದೂ ಮಾಹಿತಿಯೇ. ಸೋಮವಾರ ಬ್ಯಾಗನ್ನೇ ಬಿಟ್ಟು ಬಸ್ ಹತ್ತಿದ, ಮಂಗಳವಾರ ಒಂದೇ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಎಂದು ಪಟಪಟನೆ ಬಂದರೆ ಅದು ಬೇರೆಯೇ ಮಾಹಿತಿ. 'ನೀವು ನೆನಪಿಸದೆ ಇದ್ದರೆ ಏನಾಗುತ್ತೆ?' ಎಂಬ ಪ್ರಶ್ನೆಯನ್ನಂತೂ ಬಿಡುವಂತಿಲ್ಲ. ಕೆಲವು ಮನೆಗಳಲ್ಲಿ ಇಡೀ ದಿನ ಮಗುವಿನ ಬದಲು ತಾಯಿಯೇ ನೆನಪಿಟ್ಟುಕೊಳ್ಳುತ್ತಿರುತ್ತಾಳೆ, ಹಾಗಾಗಿ ಮರೆವೇ ಕಾಣುವುದಿಲ್ಲ.

ಹದಿನಾಲ್ಕು ನಿಮಿಷ

ಪರೀಕ್ಷೆಯ ಕೋಣೆ ಬೋಳಾಗಿರುತ್ತದೆ. ಗೋಡೆಯಲ್ಲಿ ಚಿತ್ರವಿಲ್ಲ, ಗಡಿಯಾರವಿಲ್ಲ, ಚಕ್ರದ ಕುರ್ಚಿಯಿಲ್ಲ. (ಚಕ್ರದ ಕುರ್ಚಿ ಇಟ್ಟು ಕೆಟ್ಟ ಕ್ಲಿನಿಕ್ಕುಗಳಿವೆ. ಆದರೆ ಮಗು ಎಷ್ಟು ತಿರುಗುತ್ತದೆಂದು ಅಳೆಯುವುದೇ ಉದ್ದೇಶವಾದರೆ ಬೇಕೆಂದೇ ಇಡುವವರೂ ಇದ್ದಾರೆ.) ಔಷಧಿ ತೆಗೆದುಕೊಳ್ಳುವ ಮಗುವಾದರೆ ಸಾಮಾನ್ಯವಾಗಿ 24 ಗಂಟೆ ಬಿಟ್ಟು ಕರೆಸುತ್ತಾರೆ, ಮೀಥೈಲ್‌ಫೆನಿಡೇಟ್‌ನಂಥ ಔಷಧಿ ಮೈಯಿಂದ ಬೇಗ ಇಳಿಯುತ್ತದೆ. ಇಳಿಯಿತೋ ಇಲ್ಲವೋ ಎಂಬುದು ಕೊನೆಗೂ ಮನೆಯವರ ಮಾತಿನ ಮೇಲೇ ನಿಂತಿರುವುದರಿಂದ, 'ಕೊನೆಯ ಮಾತ್ರೆ ಯಾವಾಗ?' ಎಂದು ಕೇಳುವವಳು ತಪ್ಪು ಹಿಡಿಯುವವಳ ದನಿಯಲ್ಲಿ ಕೇಳಬಾರದು. ಹಾಗೆ ಕೇಳಿದರೆ 'ನಿನ್ನೆ' ಅನ್ನುವ ಉತ್ತರವೇ ಬರುತ್ತದೆ.

ಗಮನ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುವ, ಕಾನರ್ಸ್ ಅವರ ಸಿಪಿಟಿ ಎಂಬ ಪರೀಕ್ಷೆ ಹೊರನೋಟಕ್ಕೆ ಏನೂ ಅಲ್ಲ. ಪರದೆಯ ಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರ ಬರುತ್ತದೆ, ಎಕ್ಸ್ ಒಂದನ್ನು ಬಿಟ್ಟು ಉಳಿದ ಎಲ್ಲಕ್ಕೂ ಗುಂಡಿ ಒತ್ತಬೇಕು. ಒಟ್ಟು 360 ಅಕ್ಷರ, 14 ನಿಮಿಷ. ಅಕ್ಷರಗಳ ನಡುವಿನ ಅಂತರ ಕೆಲವು ಸಲ 1 ಸೆಕೆಂಡು, ಕೆಲವು ಸಲ 2, ಕೆಲವು ಸಲ 4. ನಾಲ್ಕು ಸೆಕೆಂಡಿನ ಆ ಖಾಲಿಯಲ್ಲೇ ಮಗು ಕೈತಪ್ಪಿ ಹೋಗುವುದು. ಒಂಬತ್ತನೇ ನಿಮಿಷದ ಹೊತ್ತಿಗೆ ಅಂಗೈಗೆ ಗಲ್ಲ ಬಂದು ಕೂರುತ್ತದೆ, ಕಾಲು ಕುರ್ಚಿಯ ಅಡ್ಡಪಟ್ಟಿಗೆ ಬಡಿಯತೊಡಗುತ್ತದೆ. 'ಅಕ್ಕ, ಇನ್ನೂ ಎಷ್ಟಿದೆ?' ಅನ್ನುತ್ತದೆ. ಇಲ್ಲಿ ಪಕ್ಕ ಕೂತವಳ ಪರೀಕ್ಷೆ. 'ಇನ್ನೇನು ಮುಗೀತು ಪುಟ್ಟ' ಎಂದರೆ ಮಗುವಿಗೆ ಬೂಸ್ಟ್ ಸಿಗುತ್ತದೆ, ಮುಂದಿನ ಎರಡು ನಿಮಿಷದ ಅಂಕಿ ಚೆನ್ನಾಗಿ ಬರುತ್ತದೆ, ಮತ್ತು ಆ ಅಂಕಿ ಕೆಟ್ಟುಹೋಗುತ್ತದೆ. ಏನೂ ಅನ್ನದೆ ಕಲ್ಲಿನಂತೆ ಕೂತರೆ ಮಗು ಅಳಲೂಬಹುದು. ಬರೆದಿಟ್ಟ ಉತ್ತರ ಒಂದಿರುತ್ತದೆ, ಪ್ರತಿ ಮಗುವಿಗೂ ಅದೇ ಮಾತು, ಅದೇ ದನಿ: 'ಮುಗಿಯೋವರೆಗೂ ಹೀಗೇ ಮಾಡ್ತಾ ಇರು.' ಎಷ್ಟನೇ ನಿಮಿಷಕ್ಕೆ ಕೇಳಿತು, ಏನು ಹೇಳಲಾಯಿತು ಎಂದು ಪಕ್ಕದ ಹಾಳೆಯಲ್ಲಿ ಬರೆದಿಡಬೇಕು. ತಿಂಗಳುಗಳ ನಂತರ ಡೇಟಾದಲ್ಲಿ ಒಂದು ವಿಚಿತ್ರ ಉಬ್ಬು ಕಂಡಾಗ ಆ ಹಾಳೆ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಇನ್ನೊಂದು ಪರೀಕ್ಷೆ ಇನ್ನೂ ಸೂಕ್ಷ್ಮ. ಬಾಣ ಎಡಕ್ಕೆ ಬಂದರೆ ಎಡ ಗುಂಡಿ, ಬಲಕ್ಕೆ ಬಂದರೆ ಬಲ ಗುಂಡಿ, ಬೇಗ ಒತ್ತಬೇಕು. ಆದರೆ ನಾಲ್ಕರಲ್ಲಿ ಒಂದು ಸಲ, ಬಾಣ ಬಂದ ಮೇಲೆ 'ಬೀಪ್' ಎನ್ನುತ್ತದೆ. ಆಗ ಹೊರಟ ಕೈಯನ್ನು ತಡೆಹಿಡಿಯಬೇಕು. ತಡೆದರೆ ಮುಂದಿನ ಸಲ ಬೀಪ್ 50 ಮಿಲಿಸೆಕೆಂಡು ತಡವಾಗಿ ಬಂದು ಕಷ್ಟ ಕೊಡುತ್ತದೆ, ತಪ್ಪಿದರೆ 50 ಮಿಲಿಸೆಕೆಂಡು ಮೊದಲೇ ಬಂದು ಸುಲಭವಾಗುತ್ತದೆ. ಹೀಗೆ ಅರ್ಧ ಸಲ ತಪ್ಪುವ ಬಿಂದುವಿಗೆ ತಂದು ನಿಲ್ಲಿಸಿ, ಗುಂಡಿ ಒತ್ತಲು ಮಗುವಿಗೆ ಹಿಡಿಯುವ ಸರಾಸರಿ ಸಮಯದಲ್ಲಿ ಬೀಪಿನ ಸರಾಸರಿ ತಡವನ್ನು ಕಳೆದರೆ ಸಿಗುವುದು ತನ್ನನ್ನು ತಾನು ತಡೆದುಕೊಳ್ಳಲು ಮಗುವಿಗೆ ಬೇಕಾದ ಸಮಯ. ಒತ್ತುವ ಸರಾಸರಿ ಸಮಯ 620, ತಡ 300 ಆದರೆ ಉತ್ತರ 320 ಮಿಲಿಸೆಕೆಂಡು. ಕಾಗದದ ಮೇಲೆ ಎಷ್ಟು ನೀಟು!

ಆದರೆ ಎಂಟು ವರ್ಷದ ಹುಡುಗ ದಡ್ಡನಲ್ಲ. ಹತ್ತಿಪ್ಪತ್ತು ಬಾಣ ಆಗುವಷ್ಟರಲ್ಲಿ ಅವನಿಗೆ ಗುಟ್ಟು ಹೊಳೆಯುತ್ತದೆ: ಬೀಪ್ ಬರುತ್ತೋ ಇಲ್ಲವೋ ನೋಡಿಕೊಂಡು ಆಮೇಲೆ ಒತ್ತಿದರಾಯಿತಲ್ಲ! ಮುಖದಲ್ಲಿ ಒಂದು ಕಿರುನಗೆ ಬರುತ್ತದೆ, ಬೆರಳು ಗುಂಡಿಯ ಮೇಲೆ ಕಾಯುತ್ತ ನಿಲ್ಲುತ್ತದೆ. ಅಲ್ಲಿಗೆ ಆಟ ಕೆಟ್ಟಿತು. ವೇಗ ನಿಧಾನವಾಗಿ ಜಾರುತ್ತ ಹೋದಂತೆ ಕಳೆಯುವ ಲೆಕ್ಕ ನಂಬಲಾಗದ ಉತ್ತರ ಕೊಡತೊಡಗುತ್ತದೆ, ಮತ್ತು ಕಂಪ್ಯೂಟರಿಗೆ ಆ ಕಿರುನಗೆ ಕಾಣುವುದಿಲ್ಲ. ಪಕ್ಕ ಕೂತವಳಿಗೆ ಕಾಣುತ್ತದೆ. ಸುತ್ತು ಮುಗಿದ ಮೇಲೆ ಅವಳು 'ಬೀಪ್‌ಗೆ ಕಾಯಬೇಡ, ಬಾಣ ಕಂಡ ತಕ್ಷಣ ಒತ್ತು. ಕೆಲವು ಸಲ ತಡೆಯೋಕೆ ಆಗಲ್ಲ, ಪರವಾಗಿಲ್ಲ, ಆಟ ಇರೋದೇ ಹಾಗೆ' ಎನ್ನುತ್ತಾಳೆ. ಈ ಪರೀಕ್ಷೆ ಮಾಡುವವರೆಲ್ಲ ಸೇರಿ 2019ರಲ್ಲಿ ಹೊರತಂದ ಮಾರ್ಗದರ್ಶಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಕಾಯಬೇಡಿ ಎಂದು ಮೊದಲೇ ಹೇಳಿ, ಕನಿಷ್ಠ 50 ತಡೆಯುವ ಸರದಿಗಳಿರಲಿ. ನಾಲ್ಕರಲ್ಲೊಂದು ಎಂದರೆ ಒಟ್ಟು 200 ಬಾಣ. ಕಷ್ಟವೆಂದರೆ, ಇನ್ನೂರು ಬಾಣದವರೆಗೆ ಕುರ್ಚಿಯಲ್ಲಿ ಕೂರಬಲ್ಲ ಮಗು ಈ ಕ್ಲಿನಿಕ್ಕಿಗೆ ಬರುವ ಸಂಭವ ಕಡಿಮೆ. ನಡುವೆ ವಿರಾಮ, ಸ್ಟಿಕರ್, ಕಾರಿಡಾರಿನಲ್ಲಿ ಒಂದು ಓಟ. ಓಟದ ಅವಧಿಯೂ ಎಲ್ಲರಿಗೂ ಒಂದೇ. ಹಸಿದ ಮಗು, ನಿದ್ದೆಗೆಟ್ಟ ಮಗು, ಮೂತ್ರ ತಡೆದುಕೊಂಡು ಕೂತ ಮಗು: ಮೂವರೂ ಪರದೆಯ ಮೇಲೆ ಎಡಿಎಚ್‌ಡಿಯಂತೆಯೇ ಕಾಣುತ್ತಾರೆ.

ಪೆನ್ಸಿಲ್ ತಿರುಗಿಸುವ ಹುಡುಗ

ಈಗ ಹಿಂದಿನ ಕೋಣೆ, ಮೊದಲ ಸಾಲಿನ ಆ ಇಬ್ಬರು. ಸಾಮಾನ್ಯವಾಗಿ ಪದವಿ ವಿದ್ಯಾರ್ಥಿಗಳು, ಸಂಬಳವಿಲ್ಲದೆಯೋ ಅಲ್ಪ ಗೌರವಧನಕ್ಕೋ ಬಂದವರು. ಮಗು ಲೆಕ್ಕದ ಹಾಳೆ ಬಿಡಿಸುತ್ತಿರುವ 20 ನಿಮಿಷದ ವಿಡಿಯೊ. ಪ್ರತಿ 15 ಸೆಕೆಂಡಿಗೆ ಕಿವಿಯಲ್ಲಿ ಟಿಕ್ ಎನ್ನುತ್ತದೆ. ಆ ತುಂಡಿನಲ್ಲಿ ಮಗುವಿನ ಗಮನ ಕೆಲಸದ ಮೇಲಿತ್ತೋ ಇಲ್ಲವೋ ಎಂದು ಗುರುತು ಹಾಕಬೇಕು. ಒಂದು ವಿಡಿಯೊಗೆ 80 ತುಂಡು. ಮಗುವಿಗೆ ಎಡಿಎಚ್‌ಡಿ ಇದೆಯೋ ಇಲ್ಲವೋ, ಔಷಧಿ ಕೊಟ್ಟಿದೆಯೋ ಇಲ್ಲವೋ ಅವರಿಗೆ ಗೊತ್ತಿರಕೂಡದು. ಫೈಲಿಗೆ ಹೆಸರಿನ ಬದಲು ಸಂಖ್ಯೆ, ಮತ್ತು ವಿಡಿಯೊಗಳ ಸಾಲನ್ನು ಕಲೆಸಿಟ್ಟಿರುತ್ತಾರೆ. ಆದರೂ ಮಗುವೇ ಕ್ಯಾಮೆರಾದತ್ತ ತಿರುಗಿ 'ಇವತ್ತು ನಾನು ಮಾತ್ರೆ ತಗೊಂಡಿಲ್ಲ' ಎಂದುಬಿಟ್ಟರೆ ಏನು ಮಾಡುವುದು? ಆ ಕಡತವನ್ನು ಇನ್ನೊಬ್ಬರಿಗೆ ಕೊಡುವ ಮೊದಲು ಅಷ್ಟು ಧ್ವನಿ ಅಳಿಸಬೇಕು.

ವಿಡಿಯೊದಲ್ಲಿ ಒಬ್ಬ ಹುಡುಗನಿದ್ದಾನೆ ಅಂದುಕೊಳ್ಳಿ. ಎಡಗೈ ಬೆರಳುಗಳ ನಡುವೆ ಪೆನ್ಸಿಲ್ ಒಂದನ್ನು ಗರಗರ ತಿರುಗಿಸುತ್ತಿದ್ದಾನೆ, ಕಣ್ಣು ಚಾವಣಿಯ ಕಡೆಗಿದೆ, ತುಟಿ ಅಲ್ಲಾಡುತ್ತಿದೆ. ಟಿಕ್. ಬಲಗೈಯ ಪೆನ್ಸಿಲಿನಿಂದ ಉತ್ತರ ಬರೆದ. ಮತ್ತೆ ಚಾವಣಿ. ಟಿಕ್. ಮೊದಲ ತುಂಡಿಗೆ ಒಬ್ಬ ವಿದ್ಯಾರ್ಥಿ 'ಗಮನ ಇಲ್ಲ' ಎಂದು ಹಾಕಿದ: ಕಣ್ಣು ಹಾಳೆಯ ಮೇಲಿಲ್ಲ, ಕೈ ಆಟದಲ್ಲಿದೆ. ಇನ್ನೊಬ್ಬಳು 'ಇದೆ' ಎಂದು ಹಾಕಿದಳು: ಕೂಡುತ್ತಿದ್ದಾನೆ, ತುಟಿ ನೋಡು, ದಶಕ ಹಿಡಿದುಕೊಂಡಿದ್ದಾನೆ. ಇಬ್ಬರೂ ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದರು. ಯಾರು ಸರಿ? ನಿಯಮಪುಸ್ತಕ ಬರೆದವರು ಪೆನ್ಸಿಲಿನ ಬಗ್ಗೆ ಯೋಚಿಸಿರಲೇ ಇಲ್ಲ.

ಈ ಜಗಳ ಕ್ಷುಲ್ಲಕವಲ್ಲ, ಕ್ಷೇತ್ರದ ಒಂದು ದೊಡ್ಡ ಚರ್ಚೆಯೇ ಇದರೊಳಗಿದೆ. ಮಾರ್ಕ್ ರಾಪೋರ್ಟ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಎರಡೂ ಕಾಲಿಗೆ ಮತ್ತು ಒಂದು ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿದ್ದರು. ನೆನಪಿನಲ್ಲಿಟ್ಟುಕೊಂಡು ಜೋಡಿಸಬೇಕಾದ ಕೆಲಸ ಕೊಟ್ಟಾಗ ಎಲ್ಲ ಮಕ್ಕಳ ಚಲನೆಯೂ ಹೆಚ್ಚಿತು, ಎಡಿಎಚ್‌ಡಿ ಇದ್ದವರದು ಇನ್ನೂ ಹೆಚ್ಚಿತು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುತ್ತಿದ್ದಾಗ ಕಡಿಮೆಯಿತ್ತು. ಚಡಪಡಿಕೆ ಗಮನದ ವೈರಿಯೋ, ಅಥವಾ ಎಚ್ಚರವಾಗಿರಲು ಮಗು ತಾನೇ ಕಂಡುಕೊಂಡ ದಾರಿಯೋ ಎಂಬ ಪ್ರಶ್ನೆ ಅಲ್ಲಿಂದ ಬಲವಾಗಿ ಎದ್ದಿತು. ಎರಡನೆಯದು ನಿಜವಾದರೆ, ಪೆನ್ಸಿಲ್ ತಿರುಗಿಸಿದ್ದಕ್ಕೆ 'ಗಮನ ಇಲ್ಲ' ಎಂದು ಹಾಕಿದ ಪ್ರತಿ ಗುರುತೂ ಪ್ರಶ್ನೆಗೆ ಮೊದಲೇ ಉತ್ತರ ಬರೆದುಬಿಟ್ಟಂತೆ. (ಆ ಪಟ್ಟಿಗಳದ್ದೂ ತಮ್ಮದೇ ತಕರಾರು: ಪಟ್ಟಿಯೊಳಗಿನ ಗಡಿಯಾರಕ್ಕೂ ವಿಡಿಯೊ ಗಡಿಯಾರಕ್ಕೂ ಒಂದು ನಿಮಿಷ ವ್ಯತ್ಯಾಸವಿದ್ದರೆ ವಿರಾಮದ ಓಟವೆಲ್ಲ ಲೆಕ್ಕದ ಹಾಳೆಯ ಖಾತೆಗೆ ಬೀಳುತ್ತದೆ. ಬೆಳಿಗ್ಗೆ ಎರಡನ್ನೂ ಒಂದೇ ಕಂಪ್ಯೂಟರಿಗೆ ಹೊಂದಿಸುವ ಎರಡು ನಿಮಿಷದ ಕೆಲಸ ಯಾರಾದರೊಬ್ಬರ ಹೆಸರಿನಲ್ಲಿ ಬರೆದಿರಬೇಕು. ಎಲ್ಲರ ಕೆಲಸವೆಂದರೆ ಯಾರೂ ಮಾಡುವುದಿಲ್ಲ.)

ತಾಳೆಯ ಲೆಕ್ಕದಲ್ಲೂ ಒಂದು ಮೋಸವಿದೆ. 80 ತುಂಡುಗಳಲ್ಲಿ 70ಕ್ಕೆ ಇಬ್ಬರೂ ಒಂದೇ ಗುರುತು ಹಾಕಿದರು ಅಂದುಕೊಳ್ಳೋಣ. ಶೇ. 87.5. ಯಾರಾದರೂ ಭೇಷ್ ಅನ್ನುತ್ತಾರೆ. ಆದರೆ ಇಬ್ಬರೂ 72 ತುಂಡುಗಳಿಗೆ 'ಗಮನ ಇದೆ', 8ಕ್ಕೆ 'ಇಲ್ಲ' ಎಂದಿದ್ದರೆ? ಅದೇ ಪ್ರಮಾಣದಲ್ಲಿ ಕಣ್ಣು ಮುಚ್ಚಿಕೊಂಡು ಹಾಕಿದರೂ ಶೇ. 82 ತಾಳೆ ತಾನಾಗಿ ಬರುತ್ತದೆ (0.9ರ ವರ್ಗ, ಅದಕ್ಕೆ 0.1ರ ವರ್ಗ ಕೂಡಿಸಿ). ಅದೃಷ್ಟದ ಪಾಲನ್ನು ಕಳೆದು ನೋಡುವ ಅಳತೆಗೆ ಕಪ್ಪಾ ಎಂದು ಹೆಸರು, ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟದ್ದು. ಇಲ್ಲಿ ಕಪ್ಪಾ 0.31 ಮಾತ್ರ. ನಿಜವಾಗಿ ಗಮನ ತಪ್ಪಿದ ತುಂಡುಗಳಲ್ಲಿ, ಅಂದರೆ ನಮಗೆ ಬೇಕಾಗಿರುವ ತುಂಡುಗಳಲ್ಲೇ, ಎಂಟರಲ್ಲಿ ಮೂರಕ್ಕೆ ಮಾತ್ರ ಇಬ್ಬರೂ ಒಪ್ಪಿದ್ದಾರೆ. ಇಂಥ ಡೇಟಾವನ್ನು ಮುಂದಕ್ಕೆ ಕಳಿಸುವಂತಿಲ್ಲ. 0.8 ಮುಟ್ಟುವವರೆಗೆ ತರಬೇತಿ ವಿಡಿಯೊಗಳನ್ನೇ ಮತ್ತೆ ಮತ್ತೆ ನೋಡುವುದು ವಾಡಿಕೆ.

ಮುಟ್ಟಿದ ಮೇಲೂ ಮುಗಿಯುವುದಿಲ್ಲ. ತಿಂಗಳುಗಟ್ಟಲೆ ಅದೇ ಕೆಲಸ ಮಾಡಿದವರ ಅಳತೆಗೋಲು ತನ್ನಷ್ಟಕ್ಕೆ ಸರಿಯುತ್ತದೆ. ಚಡಪಡಿಸುವ ಮಕ್ಕಳನ್ನೇ ನೂರು ಗಂಟೆ ನೋಡಿದ ಕಣ್ಣಿಗೆ ಮಧ್ಯಮ ಚಡಪಡಿಕೆ ಶಾಂತವಾಗಿ ಕಾಣತೊಡಗುತ್ತದೆ. ಇನ್ನೂ ಕಷ್ಟದ್ದೆಂದರೆ, ಪಕ್ಕಪಕ್ಕ ಕೂತು ಟೀ ಕುಡಿಯುತ್ತ ಮಾತಾಡುವ ಇಬ್ಬರು ಒಟ್ಟಿಗೇ ಸರಿಯುತ್ತಾರೆ. ಕಪ್ಪಾ ಚೆನ್ನಾಗಿಯೇ ಇರುತ್ತದೆ, ಇಬ್ಬರೂ ಜೊತೆಯಾಗಿ ದಾರಿ ತಪ್ಪಿರುತ್ತಾರೆ. ಇದಕ್ಕಿರುವ ಮದ್ದು ಒಂದೇ: ಹಿಂದೆಯೇ ಗುರುತು ಹಾಕಿಟ್ಟ ಹಳೆಯ ವಿಡಿಯೊವೊಂದನ್ನು ಹೇಳದೆ ಕೇಳದೆ ಹೊಸ ರಾಶಿಯೊಳಗೆ ಸೇರಿಸಿಬಿಡುವುದು.

ಸ್ಕ್ಯಾನರ್ ಮತ್ತು ಮುಂಗಟ್ಟಿನ ಮೇಜು

ಹೊರಗಿನವರಿಗೆ ಇಷ್ಟವಾಗುವುದು ಮೆದುಳಿನ ಚಿತ್ರ. ಎಂಆರ್‌ಐ ಕೊಳವೆಯೊಳಗೆ ಅಲುಗಾಡದೆ ಮಲಗುವುದು ದೊಡ್ಡವರಿಗೇ ಕಷ್ಟ, ಅಲುಗಾಡುವುದೇ ಲಕ್ಷಣವಾದ ಮಕ್ಕಳನ್ನು ಮಲಗಿಸಬೇಕು. ಅದಕ್ಕೆ ಡಮ್ಮಿ ಸ್ಕ್ಯಾನರ್ ಇರುತ್ತದೆ: ಅಯಸ್ಕಾಂತವಿಲ್ಲದ ಖಾಲಿ ಕೊಳವೆ, ಸ್ಪೀಕರಿನಿಂದ ನಿಜವಾದ ಯಂತ್ರದ ಟಕಟಕ ಸದ್ದು. ಒಳಗೆ ಕಾರ್ಟೂನ್ ಓಡುತ್ತಿರುತ್ತದೆ. ತಲೆ ಕೆಲವು ಮಿಲಿಮೀಟರ್ ಅಲುಗಿದರೆ ಕಾರ್ಟೂನ್ ನಿಂತುಬಿಡುತ್ತದೆ. ಬೈಯುವ ಅಗತ್ಯವೇ ಇಲ್ಲ, ಮಗು ತಾನೇ ಕಲಿಯುತ್ತದೆ. ತಲೆಯ ಸಣ್ಣ ಅಲುಗಾಟವೂ ಮೆದುಳಿನ ಭಾಗಗಳ ನಡುವೆ ಇಲ್ಲದ ಸಂಬಂಧಗಳನ್ನು ಚಿತ್ರದಲ್ಲಿ ಹುಟ್ಟಿಸುತ್ತದೆಂದು 2012ರ ಆಸುಪಾಸಿನಲ್ಲಿ ಸ್ಪಷ್ಟವಾದಾಗ ಈ ಕ್ಷೇತ್ರ ಬೆಚ್ಚಿಬಿದ್ದಿತ್ತು. ಎಡಿಎಚ್‌ಡಿ ಮೆದುಳು ಎಂದು ತೋರಿಸಿದ್ದರಲ್ಲಿ ಎಷ್ಟು ಪಾಲು ಬರೀ ಕತ್ತು ಕುಣಿಸಿದ್ದು?

2011ರಲ್ಲಿ ಎಡಿಎಚ್‌ಡಿ-200 ಎಂಬ ಸ್ಪರ್ಧೆ ನಡೆಯಿತು. ಹಲವು ಕೇಂದ್ರಗಳಿಂದ ಬಂದ 776 ಮಕ್ಕಳು ಮತ್ತು ಯುವಜನರ ಸ್ಕ್ಯಾನ್‌ಗಳನ್ನು ಎಲ್ಲರಿಗೂ ತೆರೆದಿಟ್ಟು, ಹೊಸದಾಗಿ ಕೊಡುವ ಸ್ಕ್ಯಾನ್‌ಗಳಲ್ಲಿ ಯಾರಿಗೆ ಎಡಿಎಚ್‌ಡಿ ಇದೆ ಹೇಳಿ ಎಂದು ತಂಡಗಳಿಗೆ ಸವಾಲು ಹಾಕಿದ್ದರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಮೆದುಳಿನ ಚಿತ್ರಗಳನ್ನು ಬದಿಗಿಟ್ಟು ವಯಸ್ಸು, ಗಂಡೋ ಹೆಣ್ಣೋ, ಎಡಗೈಯೋ ಬಲಗೈಯೋ, ಬುದ್ಧಿಮತ್ತೆಯ ಅಂಕ ಇಂಥವನ್ನಷ್ಟೇ ಇಟ್ಟುಕೊಂಡು ಊಹಿಸಿತು. ಅದರ ನಿಖರತೆ ಶೇ. 62.5, ಎಲ್ಲ ತಂಡಗಳಿಗಿಂತ ಹೆಚ್ಚು. ಚಿತ್ರ ಬಳಸಲಿಲ್ಲವೆಂದು ಬಹುಮಾನ ಮಾತ್ರ ಬೇರೆ ತಂಡಕ್ಕೆ ಹೋಯಿತು. ಕೋಟ್ಯಂತರ ಬೆಲೆಯ ಯಂತ್ರವನ್ನು ಹಿಂದಿಕ್ಕಿದ್ದು ಮುಂಗಟ್ಟಿನ ಮೇಜಿನಲ್ಲಿ ಕೂತವರು ತುಂಬಿಸಿದ ಒಂದು ಹಾಳೆ! ಈ ಪ್ರಸಂಗವನ್ನು ಯಂತ್ರದ ಸೋಲೆಂದು ಹೇಳುವವರೇ ಹೆಚ್ಚು. ಆ ಹಾಳೆ ಅಷ್ಟು ಸರಿಯಾಗಿತ್ತು ಅನ್ನುವುದನ್ನೂ ಜೊತೆಗೆ ಹೇಳಬೇಕು.

ಔಷಧಿ ಪ್ರಯೋಗಗಳಲ್ಲಿ ಈ ತೆರೆಮರೆಯ ಪಾತ್ರ ಔಷಧಿ ತಜ್ಞರದ್ದು. ನಿಜವಾದ ಮಾತ್ರೆ, ಸಕ್ಕರೆಯ ಮಾತ್ರೆ ಎರಡನ್ನೂ ಒಂದೇ ಬಣ್ಣದ ಕ್ಯಾಪ್ಸೂಲಿಗೆ ತುಂಬಿ, ಯಾವ ದಿನ ಯಾವುದು ಎಂಬ ಪಟ್ಟಿಯನ್ನು ಬೀಗ ಹಾಕಿ ಇಟ್ಟುಕೊಳ್ಳುವವರು ಅವರು. ಡಾಕ್ಟರಿಗೂ ಗೊತ್ತಿರಬಾರದು. ಆದರೆ ಮಧ್ಯಾಹ್ನದ ಊಟ ಹಾಗೇ ವಾಪಸು ಬಂದ ದಿನ ತಾಯಿಗೆ ಗೊತ್ತಾಗಿಬಿಡುತ್ತದೆ, ಈ ಔಷಧಿಗಳು ಹಸಿವು ಕೊಲ್ಲುತ್ತವೆ. ಅದಕ್ಕೇ ಕೊನೆಯಲ್ಲಿ 'ಯಾವ ದಿನ ನಿಜವಾದ್ದು ಅನ್ನಿಸಿತು?' ಎಂದು ಕೇಳಿ ಬರೆದಿಡಬೇಕು.

ಎಡಿಎಚ್‌ಡಿ ಚಿಕಿತ್ಸೆಗಳನ್ನು ಹೋಲಿಸಿ 1999ರಲ್ಲಿ ಪ್ರಕಟವಾದ ಎಂಟಿಎ ಅಧ್ಯಯನದ (579 ಮಕ್ಕಳು, 14 ತಿಂಗಳು) ಫಲಿತಾಂಶವನ್ನು 'ವರ್ತನಾ ಚಿಕಿತ್ಸೆಗಿಂತ ಔಷಧಿ ಮೇಲು' ಎಂದು ಒಂದೇ ಸಾಲಿನಲ್ಲಿ ಹೇಳುವುದುಂಟು. ಅದರಲ್ಲೇ ಇನ್ನೊಂದು ಹೋಲಿಕೆ ಇತ್ತು. ಹೊರಗಿನ ತಮ್ಮ ಮಾಮೂಲಿ ಡಾಕ್ಟರ ಬಳಿ ಹೋದ ಮಕ್ಕಳಲ್ಲೂ ಸುಮಾರು ಮೂರನೇ ಎರಡು ಪಾಲು ಔಷಧಿಯ ಮೇಲೇ ಇದ್ದರು, ಆದರೂ ಅಧ್ಯಯನದ ಔಷಧಿ ಗುಂಪಿನಷ್ಟು ಸುಧಾರಿಸಲಿಲ್ಲ. ಅಧ್ಯಯನದ ಗುಂಪಿನಲ್ಲಿ ಡೋಸು ಹೆಚ್ಚಿತ್ತು ನಿಜ. ಜೊತೆಗೆ ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ಕೇಳುವವರಿದ್ದರು, ಟೀಚರ್ ಹೇಳಿದ್ದನ್ನು ತರಿಸಿಕೊಂಡು ಡೋಸು ತಿದ್ದುವವರಿದ್ದರು. 36ನೇ ತಿಂಗಳ ಹೊತ್ತಿಗೆ, ಆ ಬಿಗಿ ವ್ಯವಸ್ಥೆ ನಿಂತು ಬಹಳ ಕಾಲವಾದ ಮೇಲೆ, ಗುಂಪುಗಳ ನಡುವಿನ ವ್ಯತ್ಯಾಸ ಕರಗಿಹೋಗಿತ್ತು.

ಪೆನ್ಸಿಲಿನ ಜಗಳ ಇಂಥ ಕಡೆಗಳಲ್ಲಿ ವಾರದ ಸಭೆಗೆ ಹೋಗುತ್ತದೆ. ವಿಡಿಯೊ ಹಾಕಿ ಎಲ್ಲರೂ ನೋಡುತ್ತಾರೆ. ಬಹುಮತಕ್ಕೆ ಬಿಡುವುದಿಲ್ಲ, ನಿಯಮ ಬರೆಯುತ್ತಾರೆ: 'ಕೈಯಲ್ಲಿ ವಸ್ತು ಆಡಿಸುತ್ತಿದ್ದರೂ ಅದೇ ತುಂಡಿನಲ್ಲಿ ಅಥವಾ ಮುಂದಿನ ತುಂಡಿನಲ್ಲಿ ಉತ್ತರ ಬರೆದರೆ ಗಮನ ಇದೆ ಎಂದು ಗುರುತಿಸಿ. ಕೈಯಾಟವನ್ನು ಬೇರೆ ಕಾಲಂನಲ್ಲಿ ಬರೆಯಿರಿ.' ತಾರೀಕು, ನಿಯಮದ ಸಂಖ್ಯೆ. ಆಮೇಲೆ ಆವರೆಗೆ ಗುರುತು ಹಾಕಿದ ಅಷ್ಟೂ ವಿಡಿಯೊಗಳನ್ನು ಮೊದಲ ಟಿಕ್‌ನಿಂದ ಮತ್ತೆ ನೋಡಲು ಇಬ್ಬರೂ ಹಿಂದಿನ ಕೋಣೆಗೆ ಹೋಗುತ್ತಾರೆ.